ನಮ್ಮ ನೀರಿಗೆ ಒಗ್ಗುವ ಬಣ್ಣದ ಮೀನುಗಳು

ಬಣ್ಣದ ಮೀನು ಸಾಕಲು ಹೋಗಿ ಕೈಬಿಟ್ಟವರ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಮೀನು ನಮ್ಮ ಮನೆಗೆ ಆಗಿಬರುವುದಿಲ್ಲ." ಮಕ್ಕಳ ಹಟಕ್ಕೆ ಮಣಿದು ಗಾಜಿನ ತೊಟ್ಟಿ ತಂದದ್ದಾಯಿತು, ಕಂಡ ಬಣ್ಣದ ಮೀನುಗಳನ್ನೆಲ್ಲ ಎರಡೆರಡು ಕೊಂಡದ್ದಾಯಿತು. ವಾರ ಕಳೆಯುವುದರೊಳಗೆ ಒಂದೊಂದೇ ಮೀನು ಹೊಟ್ಟೆ ಮೇಲಾಗಿ ತೇಲತೊಡಗುತ್ತದೆ. ಮಗು ಅಳುತ್ತದೆ, ತೊಟ್ಟಿ ಅಟ್ಟ ಸೇರುತ್ತದೆ. ಇದರಲ್ಲಿ ಮನೆಯ ದೋಷವೂ ಇಲ್ಲ, ಕೈಗುಣದ ದೋಷವೂ ಇಲ್ಲ. ತಪ್ಪುವುದು ಬಹುತೇಕ ಆಯ್ಕೆಯಲ್ಲಿ. ನಾವು ಮೊದಲು ಬಣ್ಣ ನೋಡುತ್ತೇವೆ, ನೀರನ್ನು ನೋಡುವುದೇ ಇಲ್ಲ. ಈ ಕ್ರಮವನ್ನು ತಿರುಗಿಸಬೇಕು. ಮೊದಲು ನೀರು, ಅನಂತರ ಉಷ್ಣಾಂಶ, ಆಮೇಲೆ ಮೀನಿನ ಸ್ವಭಾವ, ಕೊನೆಯಲ್ಲಿ ಬಣ್ಣ.

ಮೀನಿನ ಗುಣವನ್ನು ಗಮನಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಇಂದಿನ ಬಸವಕಲ್ಯಾಣ ಅಂದು ಕಲ್ಯಾಣವಾಗಿದ್ದಾಗ, 12ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಗ್ರಂಥವನ್ನು ರಚಿಸಿದ. ಅದರ 'ಮತ್ಸ್ಯವಿನೋದ' ಭಾಗ ಗಾಳ ಹಾಕುವ ಆಟಕ್ಕೆ ಸಂಬಂಧಿಸಿದ್ದು. ಆದರೂ ಮೀನುಗಳನ್ನು ಸಮುದ್ರದವು, ಹೊಳೆಯವು ಎಂದೂ, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದೂ ಅಲ್ಲಿ ವಿಂಗಡಿಸಲಾಗಿದೆ. ಯಾವುದಕ್ಕೆ ಯಾವ ಆಹಾರ ಎಂಬ ವಿವರವೂ ಇದೆ. ಮೀನುಗಳೆಲ್ಲ ಒಂದೇ ಬಗೆಯವಲ್ಲ ಎಂಬ ಈ ತಿಳಿವಳಿಕೆಯೇ ಮನೆಯ ತೊಟ್ಟಿಗೂ ಮೊದಲ ಪಾಠ.

ಕೆಂಪು ನೆಲದ ನೀರು, ಕಪ್ಪು ನೆಲದ ನೀರು

ಬೀದರ್ ನಗರ ಜಂಬಿಟ್ಟಿಗೆ ಕಲ್ಲಿನ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಮಳೆಯ ನೀರು ಈ ತೂತು ತೂತಾದ ಕೆಂಪು ಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕಪ್ಪು ಬಂಡೆಯ ಮೇಲೆ ನಿಲ್ಲುತ್ತದೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ಕೊರೆದವರು ಈ ಗುಟ್ಟನ್ನು ಬಲ್ಲವರಾಗಿದ್ದರು. ಜಂಬಿಟ್ಟಿಗೆಯಲ್ಲಿ ಸೋಸಿ ಬಂದ ನೀರು ಸಾಮಾನ್ಯವಾಗಿ ಮೆದುವಾಗಿರುತ್ತದೆ. ಭಾಲ್ಕಿ ಮತ್ತು ಔರಾದ್ ಕಡೆ ಬಹುಪಾಲು ಕಪ್ಪು ಮಣ್ಣು, ಅದರಡಿ ಕಪ್ಪು ಬಂಡೆ. ಅಲ್ಲಿನ ಕೊಳವೆ ಬಾವಿಯ ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುತ್ತವೆ. ಇದೇ ಗಡಸು ನೀರು.

ಆದರೆ ಊರಿನ ಹೆಸರಿನಿಂದಲೇ ನೀರನ್ನು ನಿರ್ಧರಿಸಬಾರದು. ಒಂದೇ ಓಣಿಯಲ್ಲಿ ಬಾವಿಯ ನೀರು ಒಂದು ಬಗೆ, ಬೋರಿನ ನೀರು ಇನ್ನೊಂದು ಬಗೆ, ನಲ್ಲಿಯ ನೀರು ಮತ್ತೊಂದು ಬಗೆ ಇರಬಹುದು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ, ಸಾಬೂನು ನೊರೆ ಬರದೆ ಗಸಿಯಾಗುತ್ತಿದ್ದರೆ, ಬೇಳೆ ಬೇಯಲು ತಡವಾಗುತ್ತಿದ್ದರೆ ಅದು ಗಡಸು ನೀರು.

ಗಡಸು ನೀರು ಕೆಟ್ಟ ನೀರಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆಲವು ಮೀನುಗಳಿಗೆ ಅದೇ ಬೇಕು. ಮಧ್ಯ ಅಮೆರಿಕ ಮೂಲದ ಪ್ಲಾಟಿ ಮತ್ತು ಮೋಲಿ ಲವಣವುಳ್ಳ ನೀರಿನಲ್ಲಿ ಹುಟ್ಟಿ ಬೆಳೆದ ಜಾತಿಗಳು. ಗಪ್ಪಿಯೂ ಅಂಥ ನೀರಿನಲ್ಲಿ ಚೆನ್ನಾಗಿ ಬಾಳುತ್ತದೆ. ಅಮೆಜಾನ್ ಕಾಡಿನ ನಿಯಾನ್ ಟೆಟ್ರಾ ಮಾತ್ರ ಮಳೆನೀರಿನಷ್ಟು ಮೆದುವಾದ ನೀರಿನ ಮೀನು. ಔರಾದಿನ ಬೋರ್ ನೀರಿನಲ್ಲಿ ಅದನ್ನು ಬಿಟ್ಟು, ಅದು ಸತ್ತಿತೆಂದು ಮರುಗುವುದರಲ್ಲಿ ಅರ್ಥವಿಲ್ಲ.

ಇಂದು ಅನೇಕ ಮನೆಗಳಲ್ಲಿ ಆರ್.ಓ. ಯಂತ್ರಗಳಿವೆ. ಅದರ ಶುದ್ಧ ನೀರಿನಲ್ಲಿ ಲವಣಗಳು ತೀರಾ ಕಡಿಮೆ. ಅದನ್ನೊಂದನ್ನೇ ತುಂಬಬಾರದು. ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಅತಿಯಾಗಿ ಸೇರಿರುತ್ತದೆ. ಅದಂತೂ ತೊಟ್ಟಿಗೆ ಬೇಡವೇ ಬೇಡ.

ತೊಟ್ಟಿ ಎಷ್ಟು, ಮೀನು ಎಷ್ಟು?

ಸಾಧಾರಣ ಮನೆಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಸಾಕು. ತಳದ ಹರಳು, ಮೇಲಿನ ಖಾಲಿ ಜಾಗ ಕಳೆದರೆ ಇದರಲ್ಲಿ ಸುಮಾರು 45 ಲೀಟರ್ ನೀರು ನಿಲ್ಲುತ್ತದೆ. ಗಾಜು, ಹರಳು, ನೀರು ಸೇರಿ ಭಾರ 60 ಕಿಲೋ ಮೀರುವುದರಿಂದ ಗಟ್ಟಿಮುಟ್ಟಾದ ಮೇಜು ಅಥವಾ ಕಲ್ಲಿನ ಕಟ್ಟೆ ಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಡಬಾರದು. ದುಂಡನೆಯ ಗಾಜಿನ ಬುರುಡೆಗಿಂತ ಉದ್ದನೆಯ ತೊಟ್ಟಿ ಎಷ್ಟೋ ಮೇಲು. ಗಾಳಿಗೆ ತೆರೆದ ನೀರಿನ ಮೇಲ್ಮೈ ಹೆಚ್ಚಿದಷ್ಟೂ ಆಮ್ಲಜನಕ ಹೆಚ್ಚು ಸೇರುತ್ತದೆ.

ಹೊಸಬರಿಗೆ ಒಂದು ಸರಳ ಲೆಕ್ಕ ಸಾಕು: ಪೂರ್ಣ ಬೆಳೆದಾಗ ಒಂದು ಅಂಗುಲವಾಗುವ ಮೀನಿಗೆ 4 ಲೀಟರ್ ನೀರು. 45 ಲೀಟರಿಗೆ ಒಟ್ಟು 11 ಅಂಗುಲ. ಅಂಗಡಿಯಲ್ಲಿ ಕಂಡ ಅಳತೆಯನ್ನಲ್ಲ, ಮೀನು ಬೆಳೆದು ನಿಲ್ಲುವ ಅಳತೆಯನ್ನು ಹಿಡಿಯಬೇಕು. ಈ ಲೆಕ್ಕ ಚಿಕ್ಕ ಮೀನುಗಳಿಗೆ ಮಾತ್ರ ಹೊಂದುತ್ತದೆ, ದಪ್ಪ ಮೈಯ ಮೀನುಗಳಿಗೆ ಇದರ ಎರಡು ಮೂರು ಪಟ್ಟು ನೀರು ಬೇಕು.

ಚಳಿ, ಬಿಸಿಲು ಮತ್ತು ಕರೆಂಟು

ಬೀದರಿನಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯುವುದುಂಟು, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದುಂಟು. ಮನೆಯೊಳಗಿನ ನೀರು ಅಷ್ಟು ಏರಿಳಿಯದಿದ್ದರೂ ಉಷ್ಣವಲಯದ ಮೀನಿಗೆ 24ರಿಂದ 27 ಡಿಗ್ರಿ ಹಿತ. ಚಳಿಗಾಲಕ್ಕೆ 45 ಲೀಟರ್ ತೊಟ್ಟಿಗೆ 50 ವ್ಯಾಟಿನ, ತಾನಾಗಿ ಆರಿ ಹೊತ್ತಿಕೊಳ್ಳುವ ಹೀಟರ್ ಸಾಕಾಗುತ್ತದೆ. ತೊಟ್ಟಿಯಲ್ಲಿ ಕೈ ಹಾಕುವ ಮುನ್ನ ಅದರ ಸ್ವಿಚ್ ಆರಿಸುವುದನ್ನು ಮಾತ್ರ ಮರೆಯಬಾರದು.

ಬೇಸಿಗೆಯ ತೊಂದರೆ ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಅದೇ ಹೊತ್ತಿಗೆ ಮೀನಿನ ಉಸಿರಾಟ ಚುರುಕಾಗಿ ಆಮ್ಲಜನಕದ ಅಗತ್ಯ ಹೆಚ್ಚುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ಕಿಕ್ಕಿರಿದ ತೊಟ್ಟಿಯ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಆಗ ತೊಟ್ಟಿಯ ನೀರನ್ನೇ ಲೋಟದಲ್ಲಿ ಎತ್ತಿ ಎತ್ತಿ ಮೇಲಿನಿಂದ ಸುರಿದರೆ ಗಾಳಿ ಬೆರೆಯುತ್ತದೆ. ಮುಚ್ಚಳದ ದೀಪ ಆರಿಸಿ, ಗಾಜಿನ ಹೊರಗೆ ಒದ್ದೆ ಬಟ್ಟೆ ಹೊದಿಸಿದರೆ ತಂಪಾಗುತ್ತದೆ. ಮಂಜುಗಡ್ಡೆ ಹಾಕಿ ಒಮ್ಮೆಲೇ ತಣಿಸುವುದು ಅಪಾಯ. ಮೀನು ಕಡಿಮೆಯಿದ್ದ ತೊಟ್ಟಿ ಕರೆಂಟು ಹೋದ ಕೆಲವು ಗಂಟೆಗಳನ್ನು ತಾನಾಗಿ ತಾಳಿಕೊಳ್ಳುತ್ತದೆ.

ಯಾರ ಜೊತೆ ಯಾರು?

ಮೀನುಗಳಲ್ಲೂ ಸಾಧುಗಳಿವೆ, ತಂಟೆಕೋರರಿವೆ. ಟೈಗರ್ ಬಾರ್ಬ್ ನೋಡಲು ಚೆಂದ. ಆದರೆ ಗಪ್ಪಿಯ ಬೀಸಣಿಗೆಯಂಥ ಬಾಲವನ್ನೂ ಏಂಜೆಲ್ ಮೀನಿನ ಉದ್ದನೆಯ ರೆಕ್ಕೆಯನ್ನೂ ಕಚ್ಚುವುದು ಅದರ ಚಾಳಿ. ಏಂಜೆಲ್ ತಾನೂ ಬೆಳೆದ ಮೇಲೆ ನಿಯಾನ್ ಟೆಟ್ರಾ, ಗಪ್ಪಿ ಮರಿಗಳನ್ನು ನುಂಗುತ್ತದೆ. ಬಾಯಿಗೆ ಹಿಡಿಸುವ ಮೀನು ಅದಕ್ಕೆ ಆಹಾರವೇ. ಫೈಟರ್ ಗಂಡುಗಳೆರಡು ಒಂದೇ ತೊಟ್ಟಿಯಲ್ಲಿದ್ದರೆ ಸಾಯುವವರೆಗೂ ಕಾದಾಡಬಹುದು. ಆಸ್ಕರ್, ಫ್ಲವರ್‌ಹಾರ್ನ್ ದೊಡ್ಡ ತೊಟ್ಟಿಯ ಒಂಟಿ ಮೀನುಗಳು.

ಗೋಲ್ಡ್ ಫಿಶ್ ಎಲ್ಲರಿಗೂ ಪ್ರಿಯ. ಆದರೆ ಅದು ತಂಪು ನೀರನ್ನು ಬಯಸುವ, ಅರ್ಧ ಅಡಿಗೂ ಮೀರಿ ಬೆಳೆಯುವ, ಹೆಚ್ಚು ಹೊಲಸು ಮಾಡುವ ಮೀನು. ಎರಡಡಿ ತೊಟ್ಟಿಗೂ, ಗಪ್ಪಿಯ ಜೊತೆಗೂ ಅದು ಹೊಂದುವುದಿಲ್ಲ. ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ಬೆರಳಿನಷ್ಟಿದ್ದದ್ದು ಒಂದು ಅಡಿ ದಾಟುತ್ತದೆ.

ಅಂಗಡಿಯಲ್ಲಿ ಹೊಳೆಯುವ ಗುಲಾಬಿ, ನೇರಳೆ, ಹಸಿರು ಮೈಯ ಟೆಟ್ರಾಗಳು ಕಂಡರೆ ಎಚ್ಚರ. ಬಿಳಿ ಮೀನಿಗೆ ಬಣ್ಣ ಏರಿಸಿ ಮಾರುವ ರೂಢಿ ಇದೆ. ಅಂಥ ಬಣ್ಣ ತಿಂಗಳುಗಳಲ್ಲಿ ಮಾಸುತ್ತದೆ, ಮೀನಿಗೆ ಹಿಂಸೆಯೂ ಹೌದು. ಅದನ್ನು ಕೊಳ್ಳದಿರುವುದೇ ಒಳ್ಳೆಯದು. ಪಶ್ಚಿಮ ಘಟ್ಟದ ಹೊಳೆಗಳ ಕೆಂಪು ಗೆರೆಯ ಡೆನಿಸನ್ ಬಾರ್ಬ್ ನಮ್ಮ ದೇಶದ್ದೇ ಚೆಲುವಿನ ಮೀನು. ಆದರೆ ಅದು ಅಳಿವಿನಂಚಿನ ಜಾತಿ, ಹರಿಯುವ ನೀರಿನ ದೊಡ್ಡ ಗುಂಪಿನ ಜೀವಿ. ಚಿಕ್ಕ ತೊಟ್ಟಿಗೆ ಅದು ಬೇಡ.

ಮೂರು ಮೇಳಗಳು

45 ಲೀಟರಿನ ತೊಟ್ಟಿಗೆ ಮೂರು ಬಗೆಯ ಆಯ್ಕೆಗಳನ್ನು ಇಲ್ಲಿ ಕೊಟ್ಟಿದೆ. ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಮೂರನ್ನೂ ಬೆರೆಸಬಾರದು.

1. ಗಡಸು ನೀರಿಗೆ: ಗಂಡು ಗಪ್ಪಿ 5, ಗಂಡು ಪ್ಲಾಟಿ 3. ಭಾಲ್ಕಿ, ಔರಾದಿನ ಬೋರ್ ನೀರಿಗೆ ಇದು ತಕ್ಕದ್ದು. ಗಪ್ಪಿಯ ಬಾಲದಲ್ಲಿ ನೀಲಿ, ಹಳದಿ, ಕೆಂಪು ಎಲ್ಲವೂ ಇರುವುದರಿಂದ ಬಣ್ಣಕ್ಕೆ ಕೊರತೆಯಿಲ್ಲ. ಗಂಡುಗಳನ್ನೇ ಏಕೆ ಎಂದರೆ, ಇವು ಮೊಟ್ಟೆಯಿಡದೆ ಮರಿ ಹಾಕುವ ಜಾತಿ. ಒಂದು ಹೆಣ್ಣು ಸುಮಾರು ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಮರಿ ಹಾಕಬಲ್ಲುದು. ಗಂಡನ್ನು ಬೇರ್ಪಡಿಸಿದ ಮೇಲೂ ಕೆಲವು ತಿಂಗಳು ಮರಿ ಬರುತ್ತಲೇ ಇರುತ್ತವೆ.

2. ಹೀಟರ್ ಇಲ್ಲದ ಮನೆಗೆ: ಜೀಬ್ರಾ ಡೇನಿಯೊ 7. ಇದು ಭಾರತದ್ದೇ ಮೀನು. ಬೆಳ್ಳಿಯ ಮೈಮೇಲೆ ನೀಲಿ ಪಟ್ಟೆ. 18 ಡಿಗ್ರಿಯ ತಂಪನ್ನೂ ತಾಳುತ್ತದೆ, ಮೆದು ನೀರು ಗಡಸು ನೀರು ಎರಡಕ್ಕೂ ಒಗ್ಗುತ್ತದೆ. ಸದಾ ಗುಂಪಾಗಿ ಓಡಾಡುವುದರಿಂದ ಐದಕ್ಕಿಂತ ಕಡಿಮೆ ತರಬಾರದು. ಜಿಗಿಯುವ ಮೀನಾದ್ದರಿಂದ ಮುಚ್ಚಳ ಅಗತ್ಯ.

3. ಮೆದು ನೀರು ಮತ್ತು ಹೀಟರ್ ಇರುವ ಮನೆಗೆ: ನಿಯಾನ್ ಟೆಟ್ರಾ 6, ಗಂಡು ಡ್ವಾರ್ಫ್ ಗೌರಾಮಿ 1. ಗೌರಾಮಿ ಗಂಗಾ, ಬ್ರಹ್ಮಪುತ್ರ ಬಯಲಿನ ಮೀನು. ನೀರಿನ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ಈ ಮೇಳಕ್ಕೆ ನೀರಿನಲ್ಲಿ ಬೆಳೆಯುವ ಒಂದೆರಡು ಗಿಡಗಳು, ತುಸು ಮಂದ ಬೆಳಕು ಬೇಕು. ಪಳಗಿದ ತೊಟ್ಟಿಯಲ್ಲಿ ಮಾತ್ರ ನಿಯಾನ್ ಬಿಡಬೇಕು.

ಮೊದಲ ತಿಂಗಳ ತಾಳ್ಮೆ

ತಿಳಿನೀರು ಕಂಡ ಮಾತ್ರಕ್ಕೆ ತೊಟ್ಟಿ ಸಿದ್ಧವಾಯಿತೆಂದಲ್ಲ. ಮೀನಿನ ವಿಸರ್ಜನೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಉಪಕಾರಿ ಜೀವಿಗಳು ಸ್ಪಂಜು ಮತ್ತು ಹರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲ ವಾರದಲ್ಲಿ ಮೀನು ಸಾಯಲು ಬಹುಪಾಲು ಕಾರಣ ಇದೇ.

ಆದ್ದರಿಂದ ಮೀನಿಲ್ಲದೆಯೇ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಪರಿಚಯದವರ ಹಳೆಯ ತೊಟ್ಟಿಯಿಂದ ಸ್ಪಂಜಿನ ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಆಮೇಲೆ ಮೊದಲು ಮೂರು ಮೀನು, ಎರಡು ವಾರ ಬಿಟ್ಟು ಉಳಿದವು. ಸ್ಪಂಜನ್ನು ನಲ್ಲಿಯಡಿ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಕ್ಲೋರಿನ್ ಆ ಜೀವಿಗಳನ್ನೂ ಕೊಲ್ಲುತ್ತದೆ.

ಹೈದರಾಬಾದಿನಿಂದ ಮೀನು ತರುವವರು ಆಮ್ಲಜನಕ ತುಂಬಿದ ಚೀಲದಲ್ಲಿ, ಬಿಸಿಲು ಇಳಿದ ಮೇಲೆ ಹೊರಡುವುದು ಉತ್ತಮ. ಮನೆಗೆ ಬಂದೊಡನೆ ಸುರಿಯಬಾರದು. ಚೀಲವನ್ನು 20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಚೀಲಕ್ಕೆ ಬೆರೆಸಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಬೇಕು.

ವಾರಕ್ಕೊಂದು ಬಕೆಟ್

ನೀರಿಗೆ ಪರದಾಡುವ ಊರಿನಲ್ಲಿ ಮೀನು ಸಾಕುವುದು ದುಂದಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ತೊಟ್ಟಿಗೆ ವಾರಕ್ಕೆ ಕಾಲು ಭಾಗ, ಎಂದರೆ 11 ಲೀಟರ್, ಒಂದು ಬಕೆಟ್ ನೀರು ಬದಲಿಸಿದರೆ ಸಾಕು. ತೆಗೆದ ನೀರು ತುಳಸಿಗೂ ಕರಿಬೇವಿಗೂ ಒಳ್ಳೆಯ ಗೊಬ್ಬರದ ನೀರು. ಹೊಸ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಹಾಕಿದರೆ ಕ್ಲೋರಿನ್ ಹೋಗುತ್ತದೆ. ಬೇಸಿಗೆಯಲ್ಲಿ ಆವಿಯಾದಷ್ಟನ್ನೇ ತುಂಬುತ್ತ ಹೋದರೆ ಸಾಲದು. ಆವಿಯಾಗುವುದು ನೀರು ಮಾತ್ರ, ಲವಣ ಒಳಗೇ ಉಳಿದು ನೀರು ಇನ್ನಷ್ಟು ಗಡಸಾಗುತ್ತದೆ. ಆಹಾರ ದಿನಕ್ಕೆ ಒಂದು ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಹಸಿವಿನಿಂದ ಸಾಯುವ ಮೀನಿಗಿಂತ ಅತಿ ಆಹಾರದಿಂದ ಕೆಟ್ಟ ನೀರಿನಲ್ಲಿ ಸಾಯುವ ಮೀನೇ ಹೆಚ್ಚು.

ಮೀನು ಬೇಡವಾದಾಗ ಕಾರಂಜಾ ಜಲಾಶಯಕ್ಕೋ ಮಾಂಜ್ರಾ ಹೊಳೆಗೋ ಊರ ಕೆರೆಗೋ ಬಿಡುವುದು ಪುಣ್ಯವೆಂದು ಭಾವಿಸುವವರಿದ್ದಾರೆ. ಅದು ದೊಡ್ಡ ಹಾನಿ. ನೆರೆಯ ತೆಲುಗು ನಾಡಿನ ಕೆರೆಗಳಲ್ಲಿ ಹೀಗೆ ಸೇರಿಕೊಂಡ ಸಕ್ಕರ್ ಮೀನು ಬಲೆಗಳನ್ನು ಹರಿದು ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬೇಕು, ಇಲ್ಲವೆ ಸಾಕುವ ಮತ್ತೊಬ್ಬರಿಗೆ ಕೊಡಬೇಕು. ಹೆಚ್ಚಾದ ಗಪ್ಪಿಗಳನ್ನು ಮನೆಯ ಬಳಕೆ ನೀರಿನ ಸಿಮೆಂಟ್ ಹೌದಿನಲ್ಲಿ ಬಿಟ್ಟರೆ ಸೊಳ್ಳೆಯ ಮರಿಹುಳುಗಳನ್ನು ತಿಂದು ಉಪಕಾರ ಮಾಡುತ್ತವೆ. ಮಲೇರಿಯಾ, ಡೆಂಗಿ ತಡೆಗೆ ಆರೋಗ್ಯ ಇಲಾಖೆಯೂ ಈ ಮೀನನ್ನು ಬಳಸುತ್ತದೆ. ಹೌದಿನ ನೀರು ಹೊಳೆ, ಕೆರೆಗೆ ಹರಿಯದಂತಿರಬೇಕು, ಅಷ್ಟೇ.

ಹೆಚ್ಚಿನ ಸಲಹೆ ಬೇಕಾದವರು ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಮಗುವಿಗೆ ಮೀನು ಕೊಡಿಸುವ ಮುನ್ನ ಮಗುವಿನ ಕೈಯಿಂದಲೇ ನೀರಿನ ಪರೀಕ್ಷೆ ಮಾಡಿಸಿ, ಅದರ ಕೈಯಿಂದಲೇ ಅಂಗುಲದ ಲೆಕ್ಕ ಹಾಕಿಸಿ. ಖಾಲಿ ತೊಟ್ಟಿಯ ಮುಂದೆ ಒಂದು ತಿಂಗಳು ಕಾಯುವುದು ಮಕ್ಕಳಿಗೆ ಕಷ್ಟವೇ. ಹಾಗೆ ಕಾದು ಬಿಟ್ಟ ಗಪ್ಪಿ ಎರಡು ವರ್ಷ, ಡೇನಿಯೊ ಮೂರು ವರ್ಷ ನಿಮ್ಮ ಮನೆಯ ಸದಸ್ಯನಾಗಿ ಇರಬಲ್ಲದು.