ಎಲ್ಲ ತುರಿಕೆಗೂ ಒಂದೇ ಟ್ಯೂಬು ಮದ್ದಲ್ಲ

ನಮ್ಮ ಸದಸ್ಯರ ಮನೆಗಳಲ್ಲಿ ಮಕ್ಕಳಲ್ಲೊಬ್ಬರಾದರೂ ಬೆಂಗಳೂರು ಸೇರಿರುವುದು ಈಗ ಸಾಮಾನ್ಯ. ಪೀಣ್ಯದ ಕಾರ್ಖಾನೆಯಿಂದಲೋ ವೈಟ್‌ಫೀಲ್ಡಿನ ಬಾಡಿಗೆ ಕೊಠಡಿಯಿಂದಲೋ ಹಬ್ಬಕ್ಕೆ ಬಂದವರ ಚೀಲದಲ್ಲಿ ತುರಿಕೆಯ ಮುಲಾಮಿನ ಟ್ಯೂಬೊಂದು ಇರುವುದು ಅಪರೂಪವಲ್ಲ. ಅವರು ಬಿಟ್ಟುಹೋದುದನ್ನು ಮನೆಯವರೂ ತೋಟದಾಳುಗಳೂ ಹಂಚಿಕೊಂಡು ಹಚ್ಚುತ್ತಾರೆ. ಈ ಅಭ್ಯಾಸದ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರಿದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಕಾಫಿಯ ಬಿಳಿ ಕಾಂಡಕೊರಕಕ್ಕೂ ಅದನ್ನೇ ಹೊಡೆದರೆ ಹುಳು ಸಾಯದು. ತುರಿಕೆಯೂ ಹಾಗೆಯೇ. ಅದು ರೋಗದ ಲಕ್ಷಣ; ಒಳಗಿನ ರೋಗ ಬೇರೆ ಬೇರೆ.

ಮೊದಲನೆಯದು ಒಗ್ಗದ ವಸ್ತುವಿನಿಂದ ಬರುವ ಇಸಬು. ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಇದಕ್ಕೆ ಹೆಸರಾದುದು. ಅದನ್ನು ತಿನ್ನುವ ಮೆಕ್ಸಿಕೋ ಮೂಲದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಡಲಾಯಿತು. ಆದರೂ ಗಿಡ ಅಳಿದಿಲ್ಲ. ಇದು ಒಗ್ಗದವರಿಗೆ ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಸಹಿಸಲಾಗದ ನವೆ ಏಳುತ್ತದೆ. ಲೋಹಕ್ಕೆ ಲೇಪ ಕೊಡುವ ಘಟಕಗಳ ಕ್ರೋಮಿಯಂ, ನಿಕ್ಕಲ್‌ನಿಂದಲೂ ಸಿಮೆಂಟಿನಿಂದಲೂ ಕೈಗಳಿಗೆ ಹೀಗಾಗುವುದುಂಟು.

ಇಂಥ ಇಸಬಿಗೆ ವೈದ್ಯರು ಬರೆದುಕೊಡುವುದು ಸ್ಟೀರಾಯ್ಡ್ ಮುಲಾಮು. 1952ರಲ್ಲಿ ಹೈಡ್ರೋಕಾರ್ಟಿಸೋನ್ ಚರ್ಮಕ್ಕೆ ಹಚ್ಚಿದರೆ ಗುಣ ಕೊಡುತ್ತದೆಂದು ವರದಿಯಾದ ಮೇಲೆ ಬಂದ ಈ ಔಷಧಗಳು ಉರಿಯೂತವನ್ನು ಅಡಗಿಸಿ ನವೆ ನಿಲ್ಲಿಸುತ್ತವೆ. ಇವುಗಳಲ್ಲಿ ಸೌಮ್ಯವೂ ಇವೆ, ಉಗ್ರವೂ ಇವೆ. ಕ್ಲೋಬೆಟಾಸಾಲ್ ಅತ್ಯಂತ ಉಗ್ರ. ಸಾಮಾನ್ಯವಾಗಿ ಎರಡು ವಾರಕ್ಕೆ ಮೀರಿ ಹಚ್ಚುವಂತಿಲ್ಲ. ಮುಖಕ್ಕೂ ತೊಡೆಸಂದಿಗೂ ಉಗ್ರವಾದುದು ತಕ್ಕುದಲ್ಲ. ಅಲ್ಲಿಗೆ ಸೌಮ್ಯವಾದುದನ್ನೋ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮನ್ನೋ ವೈದ್ಯರು ಆರಿಸುತ್ತಾರೆ. ಮಿತಿ ಮೀರಿದರೆ ಚರ್ಮ ತೆಳುವಾಗುತ್ತದೆ, ಅಳಿಸಲಾಗದ ಗೀರುಗಳು ಬೀಳುತ್ತವೆ.

ಎರಡನೆಯದು ಹುಳುಕಡ್ಡಿ. ಇದು ಶಿಲೀಂಧ್ರ ರೋಗ. ಬೆವರು ನಿಲ್ಲುವ ಬಿಗಿ ಉಡುಪಿನಲ್ಲಿ ದಿನವಿಡೀ ದುಡಿಯುವವರಿಗೆ ಸುಲಭವಾಗಿ ತಗಲುತ್ತದೆ. ಇದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಎರಡು ದಿನ ನವೆ ತಗ್ಗುತ್ತದೆ, ಹಚ್ಚಿದವನಿಗೆ ನಂಬಿಕೆ ಹುಟ್ಟುತ್ತದೆ. ಒಳಗೆ ಶಿಲೀಂಧ್ರ ಮಾತ್ರ ಹರಡುತ್ತಲೇ ಇರುತ್ತದೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಜೀವಿರೋಧಕ ಮೂರನ್ನೂ ಬೆರೆಸಿದ ಅಗ್ಗದ ಟ್ಯೂಬುಗಳು ದೇಶದಲ್ಲೆಲ್ಲ ಈ ಅನಾಹುತಕ್ಕೆ ದಾರಿಮಾಡಿವೆ. ಟರ್ಬಿನಾಫಿನ್ ಔಷಧಕ್ಕೂ ಬಗ್ಗದ ಶಿಲೀಂಧ್ರ ಈಗ ಭಾರತದಲ್ಲಿ ಹರಡಿದೆ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಆದರೆ ನಿಯಮ ಫಲಿಸಬೇಕಾದರೆ ಕೊಳ್ಳುವ ನಾವೂ ಚೀಟಿ ಹಿಡಿದೇ ಅಂಗಡಿಗೆ ಹೋಗಬೇಕು.

ಮೂರನೆಯದು ಕಜ್ಜಿ. ಒಂದೇ ಕೊಠಡಿಯಲ್ಲಿ ನಾಲ್ಕಾರು ಜನ ಮಲಗುವ ವಸತಿಗಳಲ್ಲಿ ಇದು ಬೇಗ ಹಬ್ಬುತ್ತದೆ. ರಾತ್ರಿ ಹೆಚ್ಚುವ ತುರಿಕೆ, ಬೆರಳ ಸಂದಿಯ ಗುಳ್ಳೆ ಇದರ ಗುರುತು. ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ವಯಸ್ಕರು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೊಳೆಯಬೇಕು. ವಾರದ ಬಳಿಕ ಮತ್ತೊಮ್ಮೆ. ತುರಿಕೆ ಇರಲಿ ಬಿಡಲಿ, ಜೊತೆಗಿರುವವರೆಲ್ಲರೂ ಒಂದೇ ದಿನ ಹಚ್ಚಬೇಕು. ಒಬ್ಬನನ್ನು ಬಿಟ್ಟರೆ, ಕೊಳೆ ಹತ್ತಿದ ಗೊನೆಯನ್ನು ತೋಟದಲ್ಲೇ ಬಿಟ್ಟಂತೆ. ಸತ್ತ ಹುಳುಗಳಿಂದ ನವೆ ಕೆಲವು ವಾರ ಉಳಿಯಬಹುದು; ಹೆದರಿ ಮತ್ತೆ ಮತ್ತೆ ಹಚ್ಚಬಾರದು.

ಸ್ಟೀರಾಯ್ಡ್ ಮುಲಾಮಿಗೂ ಅಳತೆಯಿದೆ. ತೋರುಬೆರಳ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಗಲದ ಜಾಗಕ್ಕೆ ಅಷ್ಟು ಸಾಕು.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿ ಅರ್ಧ ಉಳಿದ ಟ್ಯೂಬುಗಳಿದ್ದರೆ ಇನ್ನೊಬ್ಬರಿಗೆ ಕೊಡಬೇಡಿ. ತೋಟದಾಳು ತುರಿಸಿಕೊಳ್ಳುತ್ತಿದ್ದರೆ ವೈದ್ಯರಲ್ಲಿಗೆ ಕಳುಹಿಸಿ. ಅರ್ಧ ದಿನದ ಕೂಲಿ ಹಿಡಿಯಬೇಡಿ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆಯೆಂದು ತಿಳಿಸಿ. ಬಹಳ ದಿನಗಳಿಂದ ಸ್ಟೀರಾಯ್ಡ್ ಹಚ್ಚುತ್ತಿರುವವರು ಥಟ್ಟನೆ ನಿಲ್ಲಿಸದೆ, ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ವೈದ್ಯರನ್ನು ಕಾಣಲಿ. ಯಾವುದನ್ನು ಎಷ್ಟು ದಿನ ಹಚ್ಚಿದ್ದೀರೆಂದು ತಿಳಿದರೆ ಅವರ ಕೆಲಸ ಅರ್ಧ ಹಗುರವಾಗುತ್ತದೆ.