ಆವರೇಜ್ 190, ಮಾರಿದ್ದು 195ಕ್ಕೆ: ಆದ್ರೂ ಲಾಸ್ ಯಾಕೆ?

ರೇಟು ಬಿದ್ದಾಗ ಅದೇ ಷೇರನ್ನು ಇನ್ನಷ್ಟು ತಗೊಂಡು 'ಆವರೇಜ್' ಮಾಡೋದು ಈಗ ಗಲ್ಲಾ ಪೆಟ್ಟಿಗೆ ಮುಂದೆ ಕೂತವರಿಗೂ ರೂಢಿಯಾಗಿದೆ. ಲೆಕ್ಕ ತಪ್ಪೋದೂ ಅಲ್ಲೇ.

ಒಬ್ಬರು 200 ರೂ.ನಂತೆ 100 ಷೇರು ಕೊಂಡರು ಅಂತಿಟ್ಟುಕೊಳ್ಳಿ. ಆಮೇಲೆ 170ರಂತೆ ಇನ್ನೂ 50. ಎರಡು ರೇಟು ಕೂಡಿಸಿ ಅರ್ಧ ಮಾಡಿ 185 ಅಂದರೆ ತಪ್ಪು. ಹಾಕಿದ ಹಣ 28,500 ರೂ., ಕೈಲಿರೋದು 150 ಷೇರು. ಭಾಗಿಸಿದರೆ ಸರಾಸರಿ 190.

ಈಗ 195ಕ್ಕೆ 60 ಷೇರು ಮಾರಿದರು. ಷೇರಿಗೆ 5 ರೂ.ನಂತೆ 300 ರೂ. ಲಾಭ ಅನ್ನಿಸುತ್ತೆ. ಆದರೆ ಡಿಮ್ಯಾಟ್ ಷೇರಿಗೆ ಆದಾಯ ತೆರಿಗೆ ಲೆಕ್ಕ ಬೇರೆ. ದಿನಸಿ ಅಂಗಡಿಯಲ್ಲಿ ಹಳೇ ಸ್ಟಾಕ್ ಮೊದಲು ಖಾಲಿ ಮಾಡ್ತಾರಲ್ಲ, ಹಾಗೆ ಮೊದಲು ಕೊಂಡಿದ್ದೇ ಮೊದಲು ಹೋಯಿತು ಅಂತ ಹಿಡಿಯಬೇಕು. ಆ 60 ಷೇರಿನ ಅಸಲು 200. ಅಂದರೆ 300 ರೂ. ನಷ್ಟ!

ಉಳಿದಿದ್ದು 200ರ 40, 170ರ 50. ಒಟ್ಟು 16,500 ರೂ.; 90ರಿಂದ ಭಾಗಿಸಿದರೆ 183.33. ಮಾರಿದ ಮೇಲೆ ಆ್ಯಪ್‌ನಲ್ಲಿ ಆವರೇಜ್ ಇಳಿದು ಕಂಡರೆ ಗಾಬರಿ ಬೇಡ, ಕಾರಣ ಇದೇ.

ಲಿಸ್ಟೆಡ್ ಷೇರಿನ 12 ತಿಂಗಳ ಲೆಕ್ಕವೂ ಇದೇ ಸರದಿಯಲ್ಲಿ. ಅವಧಿ ದಾಟಿದ್ದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5 ತೆರಿಗೆ, ಇಲ್ಲದಿದ್ದರೆ ಶೇ. 20. ಎರಡು ಡಿಮ್ಯಾಟ್ ಇದ್ದರೆ ಸರದಿ ಆಯಾ ಖಾತೆಗೆ ಪ್ರತ್ಯೇಕ. ಅಸಲಿಗೆ ಬ್ರೋಕರೇಜ್ ಸೇರಿಸಬಹುದು, ಎಸ್‌ಟಿಟಿ ಸೇರಿಸುವಂತಿಲ್ಲ. ಕಾಂಟ್ರ್ಯಾಕ್ಟ್ ನೋಟ್ ಡಿಲೀಟ್ ಮಾಡಬೇಡಿ.