ಸಣ್ಣ ರೇಡಿಯೋವಿಗೆ ಯಾವ ಜರಡಿ?

ತಿರುವನಂತಪುರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರೊಬ್ಬರಿಂದ ಕಳೆದ ವಾರ ಪತ್ರವೊಂದು ಬಂದಿದೆ. ಈ ಗೃಹಸ್ಥರು ಹನ್ನೆರಡು ವರ್ಷಗಳ ಹಿಂದೆ ಎರ್ನಾಕುಳದ ನಮ್ಮ ಹೊಟೇಲಿನಲ್ಲಿ ಸಂಜೆಯ ಹೊತ್ತು ಗಲ್ಲೆಯ ಪಕ್ಕದಲ್ಲಿ ಕುಳಿತು ಬಿಲ್ಲು ಬರೆಯುತ್ತ, ಹಗಲು ಕಾಲೇಜಿಗೆ ಹೋಗಿ ಬರುತ್ತಿದ್ದವರು. ಈಗ ಹವ್ಯಾಸಿ ರೇಡಿಯೋವಿನ ಪರೀಕ್ಷೆಯನ್ನು ಮೋರ್ಸ್ ಸಂಕೇತದ ಸಹಿತ ಪಾಸು ಮಾಡಿ ಸರಕಾರದ ಪರವಾನಗಿ ಪಡೆದಿದ್ದಾರೆ. ಯಾಸು ಕಂಪೆನಿಯ ಎಫ್‌ಟಿ-817 ಎಂಬ ಚಿಕ್ಕ ಸೆಟ್ಟೊಂದು ಕೊಚ್ಚಿಯಲ್ಲಿ ಎರಡನೆಯ ಕೈಯಿಂದ ದೊರೆಯುವಂತಿದೆಯಂತೆ. ಮಾರುವವರ ಬಳಿ ಅದಕ್ಕೆ ಹೊಂದುವ ಮೂರು ಬಗೆಯ ಫಿಲ್ಟರುಗಳಿವೆ. ಸೆಟ್ಟಿನೊಳಗೆ ಖಾನೆ ಮಾತ್ರ ಒಂದೇ. "ಧನಿಗಳೇ, ನನ್ನ ಕೈಯಲ್ಲಿರುವ ಹಣಕ್ಕೆ ಒಂದನ್ನೇ ಕೊಳ್ಳಬಹುದು. ಯಾವುದನ್ನು ಕೊಳ್ಳಲಿ? 2018ರಲ್ಲಿ ಆಲುವಾದಲ್ಲಿ ನಡೆದುದನ್ನು ನೀವು ಕಂಡವರಷ್ಟೆ" ಎಂದು ಕೇಳಿದ್ದಾರೆ.

ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ವಿದ್ಯುಚ್ಛಾಸ್ತ್ರದಲ್ಲಿ ನಮಗೆ ಪಾಂಡಿತ್ಯವಿಲ್ಲ. ಆದರೆ ರವೆಯ ಜರಡಿಯನ್ನು ಇಪ್ಪತ್ತು ವರ್ಷ ಹಿಡಿದ ಕೈ ನಮ್ಮದು, ಮತ್ತು ಈ ವಿಷಯದಲ್ಲಿ ತಿಳಿದವರ ಬಾಗಿಲಿಗೆ ಹಲವು ಸಲ ಹೋಗಿ ಬಂದಿದ್ದೇವೆ. ಉತ್ತರವನ್ನು ಅವರೊಬ್ಬರಿಗೆ ಅಂಚೆಯಲ್ಲಿ ಕಳುಹಿಸದೆ ಇಲ್ಲಿ ಅಚ್ಚು ಹಾಕುತ್ತಿರುವುದಕ್ಕೆ ಕಾರಣವುಂಟು: ಆಲುವಾದ ಆ ಕತೆ ಮನೆ ಬಿಟ್ಟು ಬಂದ ನಮ್ಮೆಲ್ಲರಿಗೂ ಸೇರಿದ್ದು.

ಆ ವರ್ಷ ಆಗಸ್ಟ್ 9ರಂದು ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಬಾಗಿಲನ್ನು 26 ವರ್ಷಗಳ ಬಳಿಕ ಮೊದಲ ಬಾರಿ ತೆರೆದರು. 15ರಂದು ನೆಡುಂಬಾಶೇರಿಯ ವಿಮಾನ ನಿಲ್ದಾಣ ನೀರು ನುಗ್ಗಿ ಮುಚ್ಚಿತು. ಪುನಃ ತೆರೆದದ್ದು 29ಕ್ಕೆ. ಪೆರಿಯಾರ್ ನದಿಯ ದಂಡೆಯಲ್ಲಿ ಆಗ ನಮಗೊಂದು ಸಣ್ಣ ಶಾಖೆಯಿತ್ತು. ಅಲ್ಲಿದ್ದ ಏಳು ಮಂದಿ ಹುಡುಗರು ಮೊದಲ ದಿನ ಮಾಳಿಗೆ ಹತ್ತಿ, ಮಾರನೆಯ ದಿನ ಮೀನುಗಾರರ ದೋಣಿಯಲ್ಲಿ ಶಾಲೆಯೊಂದರ ಪರಿಹಾರ ಶಿಬಿರಕ್ಕೆ ಬಂದು ಸೇರಿದರು. ಕರೆಂಟಿಲ್ಲ, ಫೋನುಗಳು ಸತ್ತಿದ್ದವು. ಊರಿನಲ್ಲಿ ತಾಯಂದಿರು ಟೀವಿಯಲ್ಲಿ ನೀರನ್ನು ಮಾತ್ರ ನೋಡುತ್ತಿದ್ದರು.

ಆ ಶಿಬಿರಕ್ಕೆ ಹವ್ಯಾಸಿ ರೇಡಿಯೋವಿನ ಹಿರಿಯರೊಬ್ಬರು ಒಂದು ಚೀಲದೊಂದಿಗೆ ಬಂದರು. ಚೀಲದಲ್ಲಿದ್ದುದು ಇದೇ ಎಫ್‌ಟಿ-817. ತೂಕ ಸುಮಾರು 1.2 ಕಿಲೋ, ನಮ್ಮ ಮಾಣಿಯೊಬ್ಬ ಅದನ್ನು ಟಿಫಿನ್ ಡಬ್ಬಿಯೆಂದೇ ಎಣಿಸಿದನಂತೆ. ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿ, ಕಾರಿನ ಬ್ಯಾಟರಿಯಿಂದ ಶಕ್ತಿ ಕೊಟ್ಟು, 7 ಮೆಗಾಹರ್ಟ್ಸ್‌ನಲ್ಲಿ ಅವರು ಮಂಗಳೂರಿನ ಹವ್ಯಾಸಿಯೊಬ್ಬರನ್ನು ಹಿಡಿದರು. ಸಾಮಾನ್ಯ ದಿನಗಳಲ್ಲಿ ಮೂರನೆಯವರ ಸಂದೇಶವನ್ನು ಈ ರೇಡಿಯೋದಲ್ಲಿ ದಾಟಿಸುವ ಹಾಗಿಲ್ಲ. ಪ್ರಕೃತಿ ವಿಕೋಪದಲ್ಲಿ ಮಾತ್ರ ಅದು ಸಲ್ಲುತ್ತದೆ. ಏಳು ಹೆಸರು, ಏಳು ಊರು ಒಂದೊಂದಾಗಿ ಹೋದುವು. ಮಂಗಳೂರಿನವರು ಮನೆ ಮನೆಗೂ ಫೋನು ಮಾಡಿ ಕ್ಷೇಮಸಮಾಚಾರ ಹೇಳಿದರು.

ಹೇಳಿದ್ದು ಆರು ಮನೆಗಳಿಗೆ. ಒಂದು ಹೆಸರು ಓದುವ ಹೊತ್ತಿಗೆ ಸರಿಯಾಗಿ, ಎರಡು ಕಿಲೋಹರ್ಟ್ಸ್ ಆಚೆಗೆ ಬೇರೊಂದು ಪ್ರಬಲ ನಿಲಯ ಮಾತನಾಡಲು ತೊಡಗಿತ್ತು. ಆ ಹೆಸರು ಅದರಡಿಯಲ್ಲಿ ಹುದುಗಿ ಹೋಯಿತು. ಅದು ಬೈಂದೂರು ಕಡೆಯ ಕ್ಲೀನರು ಹುಡುಗನದು. ಉಳಿದ ಆರು ಮನೆಗಳಿಗೆ ಸುದ್ದಿ ಬಂದುದು ಊರಲ್ಲಿ ಹರಡಿ, ಬಾರದ ಮನೆಯ ತಾಯಿ ಅದಕ್ಕೆ ಒಂದೇ ಅರ್ಥ ಮಾಡಿಕೊಂಡಳು. ಎರಡು ರಾತ್ರಿ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮೂರನೆಯ ದಿನ ಹುಡುಗನೇ ಫೋನಿನಲ್ಲಿ ಮಾತನಾಡಿದ. ಇದರಲ್ಲಿ ತಪ್ಪು ಯಾರದೂ ಅಲ್ಲ. ಆದರೆ ಆ ತಾಯಿಯನ್ನು ಅನಂತರ ಕಂಡಾಗ ನಮಗೆ ತಲೆಯೆತ್ತಲು ಆಗಲಿಲ್ಲ.

ಇನ್ನು ಫಿಲ್ಟರಿನ ವಿಷಯ. ಆಂಟೆನಾದ ಮೂಲಕ ಸೆಟ್ಟಿನೊಳಕ್ಕೆ ನೂರಾರು ನಿಲಯಗಳು ಒಟ್ಟಿಗೆ ನುಗ್ಗುತ್ತವೆ. ಸೆಟ್ಟು ಅವನ್ನೆಲ್ಲ ಒಂದು ಗೊತ್ತಾದ ಕಂಪನಕ್ಕೆ, 817ರಲ್ಲಿ ಕೊನೆಗೆ 455 ಕಿಲೋಹರ್ಟ್ಸ್‌ಗೆ, ಇಳಿಸಿ ಅಲ್ಲಿ ಜರಡಿ ಹಿಡಿಯುತ್ತದೆ. ಬೇಕಾದ ಅಗಲದಷ್ಟನ್ನು ಬಿಟ್ಟು ಮಿಕ್ಕದ್ದನ್ನು ತಡೆಯುವುದೇ ಫಿಲ್ಟರು. ಬನ್ಸಿ ರವೆಗೆ ಒಂದು ಜರಡಿ, ಚಿರೋಟಿ ರವೆಗೆ ಇನ್ನೊಂದು ಎಂಬುದು ನಮ್ಮ ಹುಡುಗರಿಗೆ ಹೇಳಿಕೊಡಬೇಕಾದ ಮಾತಲ್ಲ. ಮನುಷ್ಯನ ಮಾತು ದಾಟಲು ಎರಡು ಕಿಲೋಹರ್ಟ್ಸ್‌ಗೆ ಮಿಕ್ಕ ಅಗಲ ಬೇಕು. ಮೋರ್ಸ್ ಸಂಕೇತಕ್ಕೆ ಅದರ ಹತ್ತನೆಯ ಒಂದಂಶವೂ ಧಾರಾಳ.

817ರೊಳಗೆ ಹುಟ್ಟಿನಿಂದಲೇ ಬಂದ ಫಿಲ್ಟರು ಸೆರಾಮಿಕ್‌ನದು, ಅಗಲ 2.2 ಕಿಲೋಹರ್ಟ್ಸ್. ಮಾತಿಗೂ ಮೋರ್ಸ್‌ಗೂ ಅದೇ. ಹೆಚ್ಚಿನ ಹಣ ಕೊಟ್ಟು ಹಾಕಿಸುವ ಮೂರೂ ಕಾಲಿನ್ಸ್ ಮೆಕ್ಯಾನಿಕಲ್ ಫಿಲ್ಟರುಗಳು. ಅಮೆರಿಕದ ಅಯೋವಾ ಸಂಸ್ಥಾನದ ಸೀಡರ್ ರ್‍ಯಾಪಿಡ್ಸ್ ಎಂಬ ಊರಿನ ಕಾಲಿನ್ಸ್ ರೇಡಿಯೋ ಕಂಪೆನಿ 1950ರ ದಶಕದ ಮೊದಲಿಗೆ ಇವನ್ನು ಪೇಟೆಗೆ ತಂದಿತು. ಒಳಗಿನ ಉಪಾಯ ಚೋದ್ಯವಾಗಿದೆ. ಬಂದ ವಿದ್ಯುತ್ತನ್ನು ಮೊದಲು ಲೋಹದ ನಡುಕವಾಗಿ ಮಾರ್ಪಡಿಸುತ್ತಾರೆ. ಒಂದಕ್ಕೊಂದು ಜೋಡಿಸಿದ ಲೋಹದ ತುಂಡುಗಳು ತಮಗೆ ಒಪ್ಪುವ ಕಂಪನಕ್ಕೆ ಮಾತ್ರ ನಡುಗುತ್ತವೆ. ಆ ನಡುಕವನ್ನು ಪುನಃ ವಿದ್ಯುತ್ತಾಗಿಸಿ ಆಚೆ ಕಳುಹಿಸುತ್ತಾರೆ. ದೇವಸ್ಥಾನದ ಘಂಟೆಗೆ ತನ್ನದೇ ಒಂದು ಸ್ವರವಿರುವಂತೆ ಎಂದು ಆ ಹಿರಿಯರು ನಮಗೆ ತಿಳಿಯ ಹೇಳಿದರು.

ಮೂರರಲ್ಲಿ ಮೊದಲನೆಯದು ವೈಎಫ್-122ಎಸ್, ಮಾತಿಗಾಗಿ, ಅಗಲ 2.3 ಕಿಲೋಹರ್ಟ್ಸ್. ವಾಚಕರು ಗಮನಿಸಬೇಕು: ಮೊದಲೇ ಇರುವುದು 2.2, ಹಣ ಕೊಟ್ಟು ತರುವುದು 2.3! ಕೇಳಲು ಧ್ವನಿ ಸ್ವಲ್ಪ ಹಿತವಾಗುತ್ತದೆಂದು ಹಾಕಿಸಿಕೊಂಡ ಕೆಲವರು ಹೇಳುವುದುಂಟು. ಹಿತವಾಗಿರಬಹುದು. ಆದರೆ ಆಲುವಾದ ಆ ದಿನ ಮಂಗಳೂರಿನ ಸೆಟ್ಟಿನಲ್ಲಿ ಇದು ಇದ್ದಿದ್ದರೂ ಏಳನೆಯ ಹೆಸರು ಉಳಿಯುತ್ತಿರಲಿಲ್ಲ. ಎರಡು ಕಿಲೋಹರ್ಟ್ಸ್ ಆಚೆಗೆ ಇನ್ನೊಬ್ಬ ಮಾತನಾಡಿದರೆ ಅವನ ಮಾತಿನ ಅಂಚು ನಮ್ಮ ಮಾತಿನ ಅಗಲದೊಳಗೇ ಬಂದು ಬೀಳುತ್ತದೆ. ರವೆಯಷ್ಟೇ ಗಾತ್ರದ ಕಲ್ಲು ಯಾವ ಜರಡಿಯಲ್ಲಿಯೂ ನಿಲ್ಲದು.

ಎರಡನೆಯದು ವೈಎಫ್-122ಸಿ, ಮೋರ್ಸ್‌ಗಾಗಿ, 500 ಹರ್ಟ್ಸ್. ಮೂರನೆಯದು ವೈಎಫ್-122ಸಿಎನ್, ಅದೂ ಮೋರ್ಸ್‌ಗೆ, 300 ಹರ್ಟ್ಸ್. ಇಲ್ಲಿ ಲೆಕ್ಕ ಬೇರೆ. 2.2 ಕಿಲೋಹರ್ಟ್ಸ್‌ನಿಂದ 500 ಹರ್ಟ್ಸ್‌ಗೆ ಇಳಿದರೆ ಒಳಬರುವ ಸದ್ದು ನಾಲ್ಕನೆಯ ಒಂದಂಶಕ್ಕಿಂತಲೂ ಕಡಿಮೆಯಾಗುತ್ತದೆ. ಎದುರಿನವರು 5 ವ್ಯಾಟಿನ ಬದಲಾಗಿ 22 ವ್ಯಾಟಿನಿಂದ ಕಳುಹಿಸಿದಷ್ಟು ಅನುಕೂಲವೆಂದು ಕಾಗದದ ಲೆಕ್ಕ. ಪಳಗಿದ ಕಿವಿ ಈ ಕೆಲಸವನ್ನು ಸ್ವಲ್ಪಮಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ, ಆದಕಾರಣ ನಿಜವಾದ ಲಾಭ ಅಷ್ಟಿರಲಿಕ್ಕಿಲ್ಲ. ಆದರೂ ಎರಡು ಕಿಲೋಹರ್ಟ್ಸ್ ಆಚೆಯ ಪ್ರಬಲ ನಿಲಯ ಈ ಫಿಲ್ಟರಿನಲ್ಲಿ ಬಹುಪಾಲು ಇಲ್ಲವೇ ಆಗುತ್ತದೆ.

ಹಾಗಾದರೆ 300 ಹರ್ಟ್ಸ್ ಇನ್ನೂ ಒಳ್ಳೆಯದಲ್ಲವೆ? ನಾವೂ ಹಾಗೆಯೇ ಕೇಳಿದೆವು. ಹಿರಿಯರು ನಕ್ಕರು. ಅತಿ ಸಣ್ಣ ಜರಡಿಯಲ್ಲಿ ಸಿಡಿಲಿನ ಚಟಾರೆಂಬ ಸದ್ದು ತುಂಡಾಗಿ ಬೀಳುವುದಿಲ್ಲ; ಘಂಟೆಯ ಅನುರಣನದಂತೆ ಎಳೆದುಕೊಂಡು ಹೋಗುತ್ತದೆ, ಚುಕ್ಕೆ ಗೆರೆಗಳ ನಡುವಿನ ಬಿಡುವು ಮುಚ್ಚಿ ಹೋಗುತ್ತದೆ. ಕೇರಳದಲ್ಲಿ ಬೇಸಗೆಯ ಕೊನೆಯ ಮಳೆಯಲ್ಲಿಯೂ, ಅಕ್ಟೋಬರ್ ನವೆಂಬರ್‌ನ ತುಲಾವರ್ಷದಲ್ಲಿಯೂ ಮಧ್ಯಾಹ್ನದ ಮೇಲೆ ಗುಡುಗು ತಪ್ಪಿದ್ದಲ್ಲ. ಮತ್ತೊಂದು ಸಂಗತಿ: ತಿರುವನಂತಪುರ ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಹತ್ತಿರದ ಊರು, 1963ರ ನವೆಂಬರ್ 21ರಂದು ಮೊದಲ ರಾಕೆಟನ್ನು ಹಾರಿಸಲು ತುಂಬಾ ಗ್ರಾಮವನ್ನು ಆರಿಸಿದುದೂ ಅದಕ್ಕಾಗಿಯೇ. ಇಂಥ ಕಡೆ ಸೂರ್ಯಾಸ್ತದ ಬಳಿಕ ಮೇಲಿನ ವಾಯುಮಂಡಲ ಕದಡಿ ದೂರದ ಸಂಕೇತಗಳು ನಡುಗುತ್ತ ಬರುವುದುಂಟು. ಇವೆಲ್ಲಕ್ಕಿಂತ ಮುಖ್ಯವಾದುದು, ಕಷ್ಟದಲ್ಲಿರುವವನು ಕರೆಯುವಾಗ ಸರಿಯಾಗಿ ನಮ್ಮ ಕಂಪನದ ಮೇಲೆಯೇ ಬಂದು ಕರೆಯುತ್ತಾನೆಂಬ ಭರವಸೆಯಿಲ್ಲ. 200 ಹರ್ಟ್ಸ್ ಆಚೆಯಿದ್ದರೆ 300ರ ಜರಡಿ ಅವನನ್ನು ಹೊಟ್ಟಿನ ಜತೆಗೆ ಆಚೆ ಎಸೆದುಬಿಡುತ್ತದೆ. ಆದುದರಿಂದ ಕರೆ ಹುಡುಕುವಾಗ ಸೆಟ್ಟಿನ ಅಗಲದ ಫಿಲ್ಟರಿನಲ್ಲಿಯೇ ಕಿವಿಗೊಟ್ಟು, ಸಿಕ್ಕಿದ ಮೇಲೆ ಕಿರಿದಾದುದಕ್ಕೆ ಬದಲಿಸುವುದು ಪದ್ಧತಿ. 817ರಲ್ಲಿ ಇದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು.

ಫಿಲ್ಟರಿನ ಬದಲು ಸ್ಪೀಕರಿನ ತುದಿಗೆ ಸಿಕ್ಕಿಸುವ ಅಗ್ಗದ ಧ್ವನಿಶೋಧಕ ಸಾಲದೆ ಎಂದು ಕೆಲವರು ವಾದಿಸುತ್ತಾರೆ. ಅದರಲ್ಲಿ ಒಂದು ಮರ್ಮವಿದೆ. ಪ್ರಬಲ ಸಂಕೇತ ಬಂದಾಗ ಸೆಟ್ಟು ತನ್ನಷ್ಟಕ್ಕೆ ಕಿವಿಯನ್ನು ಮಂದ ಮಾಡಿಕೊಳ್ಳುತ್ತದೆ. ಈ ಏರ್ಪಾಡು ಒಳಗಿನ ಫಿಲ್ಟರಿನ ಬಳಿಕ ಇದೆ, ಸ್ಪೀಕರಿನ ಮೊದಲು ಇದೆ. ಹೊರಗಿನ ಶೋಧಕ ಪಕ್ಕದ ನಿಲಯವನ್ನು ನಮ್ಮ ಕಿವಿಯಿಂದ ಮರೆಮಾಡೀತು. ಸೆಟ್ಟಿನ ಕಿವಿಯಿಂದ ಮರೆಮಾಡಲಾರದು. ಪಕ್ಕದವನ ಒಂದೊಂದು ಚುಕ್ಕೆಗೂ ನಮಗೆ ಬೇಕಾದವನ ಧ್ವನಿ ಕುಗ್ಗುತ್ತಲೇ ಇರುತ್ತದೆ.

ಒಳಗಿನ ಫಿಲ್ಟರೂ ಸರ್ವರೋಗಕ್ಕೆ ಮದ್ದಲ್ಲ. ಊರೊಳಗಿನ ಸಂಪರ್ಕಕ್ಕೆ ಬಳಸುವ 144 ಮೆಗಾಹರ್ಟ್ಸ್‌ನ ಎಫ್.ಎಂ.ನಲ್ಲಿ ಇವಕ್ಕೆ ಕೆಲಸವೇ ಇಲ್ಲ. ಪಕ್ಕದ ಮನೆಯ ಎಲ್.ಇ.ಡಿ. ದೀಪ, ಇನ್ವರ್ಟರು, ನಮ್ಮದೇ ಅಡಿಗೆಮನೆಯ ಮಿಕ್ಸರು, ಇವು ಎಲ್ಲ ಕಂಪನಗಳಲ್ಲಿಯೂ ಕೊಳೆ ಚೆಲ್ಲುವುದರಿಂದ ಸ್ವಲ್ಪ ಭಾಗ ಒಳಗೆ ಬಂದೇ ಬರುತ್ತದೆ. ತೀರ ಹತ್ತಿರದಲ್ಲಿ ದೊಡ್ಡ ಪ್ರೇಷಕವಿದ್ದರೆ ಸೆಟ್ಟಿನ ಮುಂಬಾಗಿಲೇ ಕುಸಿಯುತ್ತದೆ. ಒಳಕೋಣೆಯ ಜರಡಿ ಏನು ಮಾಡೀತು? ಮತ್ತು ಫಿಲ್ಟರು ಕೇಳುವವನ ಸೊತ್ತು. ನಮ್ಮ ಸೆಟ್ಟಿಗೆ ಹಾಕಿಸಿದ ಮೋರ್ಸ್ ಫಿಲ್ಟರಿನಿಂದ ನಮ್ಮ ಸಂಕೇತ ಮಂಗಳೂರಿನಲ್ಲಿ ಸ್ಪಷ್ಟವಾಗದು. ಆ ಲಾಭ ಬೇಕಾದರೆ ಮಂಗಳೂರಿನವರ ಸೆಟ್ಟಿನಲ್ಲಿಯೂ ಅದಿರಬೇಕು.

ಹೊಸ ಸೆಟ್ಟುಗಳಲ್ಲಿ ಈ ಚಿಂತೆ ಬಹುಮಟ್ಟಿಗೆ ತೀರಿದೆಯೆನ್ನಬೇಕು. ಐಕಾಂ ಕಂಪೆನಿ 2020ರಲ್ಲಿ ತಂದ ಐಸಿ-705ರಲ್ಲಿ ಜರಡಿಯೆಲ್ಲ ಗಣಿತವೇ. ಅಗಲವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ಅದರ ಬೆಲೆ ಮಾತ್ರ ಗುಮಾಸ್ತರ ಸಂಬಳಕ್ಕೆ ಎಟುಕುವಂಥದಲ್ಲ. 817ರ ತಮ್ಮನಾದ 818 ಬಂದುದು 2018ರಲ್ಲಿ. ಅದರ ತಯಾರಿಕೆ 2022ರ ಕೊನೆಗೆ ನಿಂತಿತು. ಕಾಲಿನ್ಸ್ ಫಿಲ್ಟರುಗಳೂ ಈಗ ಹೊಸದಾಗಿ ತಯಾರಾಗುತ್ತಿಲ್ಲ. ಆದಕಾರಣ ಇವತ್ತು ಬಿಟ್ಟರೆ ನಾಳೆ ಅಂಗಡಿಯಲ್ಲಿ ಕೊಂಡೇನೆನ್ನುವ ಹಾಗಿಲ್ಲ.

ಪತ್ರ ಬರೆದ ಗೃಹಸ್ಥರಿಗೆ ನಮ್ಮ ಮಾತು ಇಷ್ಟು. ನೀವು ಮೋರ್ಸ್ ಕಲಿತವರು. 500 ಹರ್ಟ್ಸಿನದನ್ನೇ ಕೊಳ್ಳಿರಿ. 300ರ ಆಸೆ ಬೇಡ, ಮಾತಿನದಕ್ಕೆ ಹಣ ದಂಡ ಮಾಡಬೇಡಿ. ಬೆಸುಗೆಯ ಕೆಲಸವಿಲ್ಲ, ಒಳಗೆ ಸಿಕ್ಕಿಸುವುದಷ್ಟೇ. ಆದರೆ ಬ್ಯಾಟರಿಯನ್ನೂ ಬಿಚ್ಚಿಟ್ಟು ಅನಂತರ ಮೇಲುಮುಚ್ಚಳ ತೆಗೆಯಿರಿ, ಮೆಲ್ಲಗೆ ತೆಗೆಯಿರಿ; ಸ್ಪೀಕರು ಮುಚ್ಚಳಕ್ಕೇ ಅಂಟಿಕೊಂಡಿದೆ, ಅದರ ತಂತಿ ಗಿಡ್ಡ. ಮಾರುವವರ ಎದುರಿನಲ್ಲೇ ಹಾಕಿಸಿ, ಫಿಲ್ಟರನ್ನು ಹಚ್ಚಿ ಆರಿಸಿ ಕೇಳಿ ನೋಡಿರಿ. ಹಚ್ಚಿದಾಗ ಸದ್ದಿನ ಬಣ್ಣವೇ ಬದಲಾಗದಿದ್ದರೆ ಹಣ ಎಣಿಸಬೇಡಿ.

ಮೋರ್ಸ್ ಬಾರದೆ, ಮಾತಿಗೆ ಮಾತ್ರ ಸೆಟ್ಟು ಬಳಸುವ ನಮ್ಮ ಹುಡುಗರು ಕೊಚ್ಚಿಯಲ್ಲಿಯೂ ಇದ್ದಾರೆ. ಅವರು ಖಾನೆಯನ್ನು ಖಾಲಿಯಾಗಿಯೇ ಬಿಟ್ಟು, ಆ ಹಣದಲ್ಲಿ ಒಳ್ಳೆಯ ಬ್ಯಾಟರಿಯನ್ನೂ, ಎರಡೂ ಕಡೆ ಹತ್ತು ಹತ್ತು ಮೀಟರಿನ ತಂತಿಯನ್ನೂ, ಮರಕ್ಕೆ ಕಟ್ಟಲು ನೈಲಾನ್ ಹಗ್ಗವನ್ನೂ ತರಲಿ. 7 ಮೆಗಾಹರ್ಟ್ಸ್‌ಗೆ ಅದು ಸರಿಯಾದ ಅಳತೆ. ಕೊಚ್ಚಿಗೂ ತಿರುವನಂತಪುರಕ್ಕೂ ಇರುವ ಸುಮಾರು 200 ಕಿಲೋಮೀಟರು ಹಗಲು ಹೊತ್ತಿನಲ್ಲಿ ಅದಕ್ಕೆ ದೂರವಲ್ಲ. ಪರವಾನಗಿ ಇಲ್ಲದವರು ಸೆಟ್ಟನ್ನು ಕೊಳ್ಳಲೂಬಾರದು, ಮಾರುವವರು ಅವರಿಗೆ ಕೊಡಲೂಬಾರದು. ಪರೀಕ್ಷೆಗೆ 12 ವರ್ಷ ತುಂಬಿದವರು ಯಾರೂ ಕುಳಿತುಕೊಳ್ಳಬಹುದು.

ಬೈಂದೂರಿನ ಆ ಹುಡುಗ ಈಗ ಎರ್ನಾಕುಳದ ನಮ್ಮ ಹೊಟೇಲಿನಲ್ಲಿಯೇ ಸಪ್ಲಾಯರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸ್ಟೀಲು ಲೋಟದ ಮೇಲೆ ಚಮಚದಿಂದ ತನ್ನ ಹೆಸರನ್ನು ಕುಟ್ಟಿ ಅಭ್ಯಾಸ ಮಾಡುತ್ತಿರುತ್ತಾನೆ. ಮೊನ್ನೆ ಗಲ್ಲೆಯ ಬಳಿ ಬಂದು, "ಧನಿಗಳೇ, ತಿರುವನಂತಪುರದ ಅಣ್ಣ ಸೆಟ್ಟು ತಕ್ಕೊಂಡರೋ?" ಎಂದು ಕೇಳಿದ. ಇನ್ನೂ ಇಲ್ಲ ಮಾರಾಯಾ, ನಮ್ಮ ಲೇಖನ ಅಚ್ಚಾಗಲಿ ಎಂದೆವು.